ಇನ್ನೂ ಹುಟ್ಟದ ನಾಡಿನ ಜೋಡಿರೆಕ್ಕೆ

ಮಹಾಭಾರತದ ವನಪರ್ವದಲ್ಲಿ ಒಂದು ಪ್ರಸಂಗ ಉಂಟು. ದ್ಯೂತದಲ್ಲಿ ಸರ್ವಸ್ವವನ್ನೂ ಕಳೆದುಕೊಂಡು ಕಾಡು ಸೇರಿದ ಪಾಂಡವರನ್ನು ಕಾಣಲು ಕೃಷ್ಣ ಬರುತ್ತಾನೆ. ಆ ಹೊತ್ತಿನಲ್ಲಿ ತಾನೇಕೆ ಹಸ್ತಿನಾವತಿಗೆ ಬರಲಿಲ್ಲವೆಂಬುದಕ್ಕೆ ಆತ ಕೊಡುವ ಸಮಾಧಾನವೇ ಸೌಭದ ಕಥೆ. ಶಾಲ್ವನೆಂಬ ರಾಜನಿಗೆ ಬೇಕಾದಲ್ಲಿ ಹಾರಿಹೋಗುವ ಸೌಭವೆಂಬ ಪುರವಿತ್ತು. ರಾಜಸೂಯಕ್ಕೆಂದು ಕೃಷ್ಣ ಊರಲ್ಲಿಲ್ಲದ ಸಮಯ ನೋಡಿ ಆತ ಅದನ್ನೇರಿ ದ್ವಾರಕೆಯ ಮೇಲೆ ಬಿದ್ದ. ಕೊನೆಗೆ ಸುದರ್ಶನ ಚಕ್ರ ಸೌಭವನ್ನು ಸೀಳಿತು. ಇದು ಎಲ್ಲರೂ ಬಲ್ಲ ಭಾಗ. ಓದುವಾಗ ನನ್ನ ಮನಸ್ಸು ನಿಲ್ಲುವುದು ಬೇರೊಂದು ಕಡೆ. ಮುತ್ತಿಗೆಗೆ ಗುರಿಯಾದ ದ್ವಾರಕೆ ಹೇಗಿತ್ತೆಂಬುದನ್ನು ಕವಿ ಸಾವಧಾನವಾಗಿ ವರ್ಣಿಸುತ್ತಾನೆ. ಸೇತುವೆಗಳನ್ನು ಕಿತ್ತರು, ದೋಣಿಗಳ ಓಡಾಟ ನಿಲ್ಲಿಸಿದರು, ಮುದ್ರೆಯಿಲ್ಲದೆ ಒಬ್ಬರೂ ಒಳಗೆ ಬರುವಂತಿರಲಿಲ್ಲ, ಹೊರಗೆ ಹೋಗುವಂತಿರಲಿಲ್ಲ, ಊರವರಾರೂ ಮದ್ಯ ಮುಟ್ಟಬಾರದೆಂದು ಸಾರಿದರು. ಆಕಾಶದಿಂದ ಬಂದ ಅಪಾಯವನ್ನು ವ್ಯಾಸಕವಿ ಮೊದಲು ನೆಲದ ಮೇಲೆ ನಿಂತು ನೋಡಿದ್ದಾನೆ.

ಸೌಭ ಕಲ್ಪನೆಯ ರಾಜನೊಬ್ಬನ ಕಲ್ಪನೆಯ ವಿಮಾನ. ಕಾವ್ಯದಲ್ಲಿ ಅದಕ್ಕೆ ಎಂಜಿನ್ನು ಬೇಡ. ಆದರೆ ಕಾವ್ಯದ ವಿಮಾನಕ್ಕೆ ಎಂಜಿನ್ನು ಜೋಡಿಸಬೇಕೆಂಬ ಹಂಬಲವೂ ನಮ್ಮಲ್ಲಿ ಉಂಟಾಯಿತು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ನಡುವೆ ಹೇಳಿ ಬರೆಯಿಸಿದ 'ವೈಮಾನಿಕ ಶಾಸ್ತ್ರ'ವನ್ನು ಮೈಸೂರಿನ ಜಿ. ಆರ್. ಜೋಸ್ಯರ್ ಅವರು ಇಂಗ್ಲಿಷ್ ಅನುವಾದದೊಡನೆ 1973ರಲ್ಲಿ ಪ್ರಕಟಿಸಿದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಐವರು ವಿದ್ವಾಂಸರು ಅದನ್ನು ಕೂಲಂಕಷವಾಗಿ ಪರೀಕ್ಷಿಸಿ, ಗ್ರಂಥ 1904ಕ್ಕಿಂತ ಹಿಂದಿನದಾಗಿರಲಾರದೆಂದೂ ಅದರಲ್ಲಿ ಚಿತ್ರಿಸಿರುವ ವಿಮಾನಗಳು ಹಾರಲಾರವೆಂದೂ ತೀರ್ಮಾನಿಸಿದರು. ಆ ವಾದವಿವಾದ ಇಂದಿಗೂ ಪೂರ್ತಿ ತಣ್ಣಗಾಗಿಲ್ಲ. ನನ್ನ ಆಶ್ಚರ್ಯವೆಂದರೆ ಇಷ್ಟೆ: ಇಲ್ಲದ ವಿಮಾನಗಳ ವಿಷಯವಾಗಿ ಇಷ್ಟು ಮಾತನಾಡುವ ನಾವು, ನಿಜವಾಗಿ ಇದ್ದ, ನಮ್ಮ ಹೆಸರನ್ನೇ ಹೊತ್ತು ಹಾರಿದ ಮೊದಲ ಯುದ್ಧವಿಮಾನದ ವಿಷಯವಾಗಿ ಏನನ್ನೂ ಹೇಳುವುದಿಲ್ಲ. ಇಂದು ಅದರ ಕಥೆಯನ್ನು ಹೇಳಬೇಕೆಂದಿದ್ದೇನೆ.

ಭಾರತೀಯ ವಾಯುಪಡೆ ಕಾಯಿದೆಯ ಪ್ರಕಾರ ಅಸ್ತಿತ್ವಕ್ಕೆ ಬಂದದ್ದು 1932ರ ಅಕ್ಟೋಬರ್ 8ರಂದು. ಅದರ ಮೊದಲ ಸ್ಕ್ವಾಡ್ರನ್ನು ಕರಾಚಿಯ ಬಳಿಯ ಡ್ರಿಗ್ ರೋಡ್ ನೆಲೆಯಲ್ಲಿ 1933ರ ಏಪ್ರಿಲ್ 1ರಂದು ಸ್ಥಾಪಿತವಾಯಿತು. ಸ್ಕ್ವಾಡ್ರನ್ನು ಎಂಬ ಮಾತು ದೊಡ್ಡದು. ಇದ್ದವರು ಇಂಗ್ಲೆಂಡಿನಲ್ಲಿ ತರಬೇತಿ ಪಡೆದ ಆರು ಮಂದಿ ಅಧಿಕಾರಿಗಳು, 'ಹವಾಯಿ ಸಿಪಾಯಿ'ಗಳೆಂದು ಹೆಸರು ಪಡೆದ 19 ಮಂದಿ ಸೈನಿಕರು, ಮತ್ತು ನಾಲ್ಕೇ ನಾಲ್ಕು ವಿಮಾನಗಳು. ಆ ವಿಮಾನದ ಹೆಸರು ವಾಪಿಟಿ. ಅದು ಅಮೆರಿಕದ ಒಂದು ದೊಡ್ಡ ಜಿಂಕೆಯ ಹೆಸರು. ಇಂಗ್ಲೆಂಡಿನ ವೆಸ್ಟ್‌ಲೆಂಡ್ ಕಂಪೆನಿ ತಯಾರಿಸಿದ ಈ ಯಂತ್ರ ಒಂದರ ಮೇಲೊಂದು ರೆಕ್ಕೆಯಿರುವ ಜೋಡಿರೆಕ್ಕೆಯ ವಿಮಾನ, ಎಂದರೆ ಬೈಪ್ಲೇನ್.

ಹಕ್ಕಿಗೆ ಒಂದು ಜೊತೆ ರೆಕ್ಕೆ ಸಾಕಾಗಿರುವಾಗ ವಿಮಾನಕ್ಕೆ ಎರಡು ಜೊತೆ ಏಕೆ ಬೇಕಾಯಿತು? ಇದಕ್ಕೆ ಉತ್ತರವನ್ನು ನಮ್ಮ ನಂಜನಗೂಡು, ತಿರುಮಕೂಡಲು ನರಸೀಪುರಗಳಲ್ಲೇ ಹುಡುಕಬಹುದು.

ವಿಮಾನವನ್ನು ಮೇಲಕ್ಕೆತ್ತುವ ಬಲ ಎರಡು ಸಂಗತಿಗಳನ್ನು ಅವಲಂಬಿಸಿದೆ: ರೆಕ್ಕೆಯ ವಿಸ್ತಾರ ಒಂದು, ವೇಗ ಇನ್ನೊಂದು. ವೇಗ ಇಮ್ಮಡಿಯಾದರೆ ಎತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ಆದರೆ ಆರಂಭದ ದಿನಗಳ ಎಂಜಿನ್ನುಗಳು ಭಾರವಾದವು, ಬಲದಲ್ಲಿ ಕಡಮೆ. ವೇಗ ದೊರೆಯದೆಡೆ ವಿಸ್ತಾರವನ್ನೇ ಹೆಚ್ಚಿಸಬೇಕು. ತೆಳುವಾದ ಮರದ ರೆಕ್ಕೆಯನ್ನು ಉದ್ದಕ್ಕೆ ಚಾಚಿದರೆ ಅದು ಬುಡದಲ್ಲಿ ಮುರಿಯುತ್ತದೆ. ಆದುದರಿಂದ ಉದ್ದದ ಒಂದು ರೆಕ್ಕೆಯ ಬದಲು ಗಿಡ್ಡನೆಯ ಎರಡನ್ನು ಮೇಲೊಂದು ಕೆಳಗೊಂದು ಇಟ್ಟು, ನಡುವೆ ಊರೆಗಂಬಗಳನ್ನು ನಿಲ್ಲಿಸಿ, ಓರೆಯಾಗಿ ಉಕ್ಕಿನ ತಂತಿಗಳನ್ನು ಬಿಗಿದರು. ಈ ಉಪಾಯವನ್ನು ಒಂದು ಹದಕ್ಕೆ ತಂದವನು ಆಕ್ಟೇವ್ ಶಾನೂಟ್ ಎಂಬ ಅಮೆರಿಕದ ಎಂಜಿನಿಯರು. ಆತನ ಕಸುಬು ರೈಲುಸೇತುವೆಗಳನ್ನು ಕಟ್ಟುವುದು! 1896ರಲ್ಲಿ ಆತ ಸೇತುವೆಯ ಚೌಕಟ್ಟನ್ನೇ ಹಗುರಮಾಡಿ ರೆಕ್ಕೆಗಳಿಗೆ ಅಳವಡಿಸಿದ. ರೈಟ್ ಸಹೋದರರು ಆತನೊಡನೆ ಪತ್ರವ್ಯವಹಾರ ನಡೆಸಿ, 1903ರ ಡಿಸೆಂಬರ್ 17ರಂದು ಹಾರಿಸಿದ ಯಂತ್ರವೂ ಜೋಡಿರೆಕ್ಕೆಯದೇ. ಅದರ ಪ್ರತಿಕೃತಿಯನ್ನು ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ಕಟ್ಟಿದ್ದೆಂದು ಹೇಳುವ ಹಳೆಯ ಸೇತುವೆಯೊಂದಿದೆ. ಬಹುಕಾಲ ರಸ್ತೆಯನ್ನೂ ರೈಲುಹಳಿಯನ್ನೂ ಅದು ಒಟ್ಟಿಗೆ ಹೊತ್ತಿತ್ತು. ಅದು ನಿಂತಿರುವುದು ಕಲ್ಲಿನ ಭಾರದಿಂದ, ಕಮಾನಿನ ಒತ್ತಿನಿಂದ. ವಿಮಾನಕ್ಕೆ ಬೇಕಾದದ್ದು ಇದರ ತದ್ವಿರುದ್ಧವಾದ ಸೇತುವೆ: ಭಾರವೇ ಇಲ್ಲದೆ, ಬರಿಯ ಬಿಗಿತದಿಂದ ನಿಲ್ಲುವಂಥದು. ಅದನ್ನು ಕಾಣಬೇಕಾದರೆ ಫಾಲ್ಗುಣದ ದೊಡ್ಡಜಾತ್ರೆಗೆ ಮುನ್ನ ಶ್ರೀಕಂಠೇಶ್ವರನ ಗೌತಮ ರಥವನ್ನು ಸಿಂಗರಿಸುವ ಕಡೆ ಹೋಗಿ ನಿಲ್ಲಬೇಕು. ಕೆಳಗಿನ ಗಡ್ಡೆ ಭಾರವಾದ ಮರ. ಅದರ ಮೇಲೇಳುವ ಅಟ್ಟಣೆಯೆಲ್ಲ ಗಳು, ಹಗ್ಗ, ಬಟ್ಟೆ. ಒಂದು ಹಗ್ಗ ಸಡಿಲವಾದರೆ ಇಡೀ ಗೋಪುರ ಓಲಾಡುತ್ತದೆ. ಎಲ್ಲವೂ ಒಂದನ್ನೊಂದು ಎಳೆದು ಹಿಡಿದಿರುವುದರಿಂದಲೇ ನಿಂತಿದೆ. ಜೋಡಿರೆಕ್ಕೆಯ ತಂತಿಗಳ ಕೆಲಸವೂ ಇದೇ. ಅವುಗಳಲ್ಲಿ ಎರಡು ಬಗೆ. ಆಕಾಶದಲ್ಲಿರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ಬಾಗಿಸದಂತೆ ತಡೆಯುವುವು ಕೆಲವು. ನೆಲಕ್ಕಿಳಿದಾಗ ರೆಕ್ಕೆ ತನ್ನ ಭಾರಕ್ಕೆ ತಾನೇ ಜೋತುಬೀಳದಂತೆ ಹಿಡಿಯುವುವು ಕೆಲವು.

ಇನ್ನು ರೆಕ್ಕೆಯ ಹೊದಿಕೆ. ನರಸೀಪುರದ ಸಂಗಮದಲ್ಲಿ ಹರಿಗೋಲು ದಾಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿದಿರಿನ ಹೆಣಿಗೆಯ ಮೇಲೆ ಹಿಂದೆ ಚರ್ಮವನ್ನು ಬಿಗಿದು ಹೊದಿಸುತ್ತಿದ್ದರು; ಹೆಣಿಗೆ ಆಕಾರ ಕೊಡುತ್ತದೆ, ಚರ್ಮ ನೀರನ್ನು ತಡೆಯುತ್ತದೆ. ವಿಮಾನದ ರೆಕ್ಕೆಗೆ ಹೊದಿಸುತ್ತಿದ್ದುದು ಲಿನನ್ ಬಟ್ಟೆ. ಅದರ ಮೇಲೆ 'ಡೋಪ್' ಎಂಬ ವಾರ್ನಿಷಿನಂಥ ದ್ರವವನ್ನು ಬಳಿದರೆ, ಒಣಗುತ್ತ ಒಣಗುತ್ತ ಬಟ್ಟೆ ಕುಗ್ಗಿ ತಮಟೆಯಂತೆ ಬಿಗಿಯಾಗುತ್ತಿತ್ತು. ವಾಪಿಟಿಯ ಮೊದಲ ಮಾದರಿಗಳಲ್ಲಿ ಮರ ಹೆಚ್ಚಾಗಿತ್ತು. ನಮ್ಮ ವಾಯುಪಡೆಗೆ ಬಂದ 2ಎ ಮಾದರಿಯ ಎಲುಬುಗೂಡು ಲೋಹದ್ದು, ಮೈಹೊದಿಕೆ ಮಾತ್ರ ಬಟ್ಟೆಯದೇ.

ಈ ರಚನೆಗೆ ತನ್ನದೇ ಆದ ದೋಷಗಳಿದ್ದುವು. ಎರಡು ರೆಕ್ಕೆಗಳು ಹತ್ತಿರದಲ್ಲಿದ್ದು ಒಂದರ ಗಾಳಿಯನ್ನು ಇನ್ನೊಂದು ಕೆಡಿಸುವುದರಿಂದ ಎತ್ತುವ ಬಲ ಪೂರ್ತಿ ಇಮ್ಮಡಿಯಾಗುವುದಿಲ್ಲ. ಪ್ರತಿಯೊಂದು ಕಂಬ, ಪ್ರತಿಯೊಂದು ತಂತಿ ಗಾಳಿಗೆ ಅಡ್ಡಿ. ಆದುದರಿಂದ ಬೈಪ್ಲೇನಿಗೆ ವೇಗದ ಮಿತಿಯೊಂದು ಹುಟ್ಟಿನಿಂದಲೇ ಬಂದದ್ದು. ಆದರೆ ಇದೇ ನಿಧಾನ ಇನ್ನೊಂದು ಕೆಲಸಕ್ಕೆ ಅನುಕೂಲವಾಯಿತು. ಚಿಕ್ಕ ಬಯಲಿನಲ್ಲಿ ಇಳಿಯಬಹುದು, ಥಟ್ಟನೆ ತಿರುಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕೆಳಗೆ ಏನಿದೆ, ಯಾರಿದ್ದಾರೆ ಎಂಬುದನ್ನು ನೋಡುತ್ತ ಹಾರಬಹುದು. ನೆಲದ ಮೇಲಿನ ಗುರಿಗೆ ಎರಗುವ ವಿಮಾನಕ್ಕೆ ಬೇಕಾದ ಗುಣವೂ ಅದೇ.

ಮೊದಲ ಮಹಾಯುದ್ಧದಲ್ಲಿ ಈ ಗುಣವನ್ನು ಸೇನಾಪತಿಗಳು ಕಂಡುಕೊಂಡರು. 1914ರಲ್ಲಿ ಬೇಹಿಗೆ ಮಾತ್ರ ಬಳಸುತ್ತಿದ್ದ ಯಂತ್ರಗಳು 1917ರ ಹೊತ್ತಿಗೆ ಕಂದಕಗಳ ಮೇಲೆ ತಗ್ಗಿ ಹಾರಿ ಮೆಷಿನ್‌ಗನ್ನುಗಳಿಂದ ಗುಂಡಿನ ಮಳೆಗರೆಯತೊಡಗಿದ್ದುವು. ತಿರುಗುವ ಪ್ರೊಪೆಲ್ಲರಿನ ಅಲಗುಗಳಿಗೆ ತಗಲದಂತೆ ಅವುಗಳ ನಡುವಿನಿಂದಲೇ ಗುಂಡು ಹಾರಿಸುವ ಜೋಡಣೆ 1915ರಲ್ಲಿಯೇ ಬಳಕೆಗೆ ಬಂದಿತ್ತು. ಆದರೆ ಕೆಳಗಿದ್ದವರ ಕೈಯಲ್ಲೂ ಬಂದೂಕಗಳಿದ್ದುವು. ತಗ್ಗಿ ಹಾರಿದ ಬಟ್ಟೆಯ ವಿಮಾನಗಳು ಬಹಳವಾಗಿ ನಾಶವಾದವು. ಜರ್ಮನರು ವೈಮಾನಿಕನನ್ನು ಉಕ್ಕಿನ ತಗಡಿನ ತೊಟ್ಟಿಯೊಳಗೆ ಕೂರಿಸಿದ ಯೂಂಕರ್ಸ್ ವಿಮಾನವನ್ನು ಮಾಡಿದ್ದು ಈ ಕಾರಣದಿಂದಲೇ. ಸಮಬಲರ ಯುದ್ಧದಲ್ಲಿ ಜೋಡಿರೆಕ್ಕೆಯ ದಾಳಿವಿಮಾನ ಭಯಂಕರವೂ ಹೌದು, ದುರ್ಬಲವೂ ಹೌದು. ಅದು ಬರಿಯ ಭಯಂಕರವಾಗಬೇಕಾದರೆ ಕೆಳಗಿರುವವರ ಬಳಿ ಉತ್ತರವಿರಬಾರದು.

ಅಂಥ ಸ್ಥಳ ಯಾವುದೆಂದು ಬ್ರಿಟಿಷ್ ಸರಕಾರ ತಿಳಿದಿತ್ತು. ಭಾರತದಲ್ಲಿ ವಿಮಾನ ಮೊದಲು ಮಾಡಿದ ಸಾರ್ವಜನಿಕ ಕಾರ್ಯ ಸೌಮ್ಯವಾದುದು: 1911ರ ಫೆಬ್ರುವರಿ 18ರಂದು ಆನ್ರಿ ಪೆಕೆ ಎಂಬ ಫ್ರೆಂಚ್ ತರುಣ ಅಲಹಾಬಾದಿನಿಂದ ಯಮುನೆಯಾಚೆಯ ನೈನಿಗೆ ಜೋಡಿರೆಕ್ಕೆಯ ವಿಮಾನವೊಂದರಲ್ಲಿ ಸುಮಾರು 6,500 ಕಾಗದಗಳನ್ನು ಒಯ್ದ. ಲೋಕದ ಮೊದಲ ಅಧಿಕೃತ ವಿಮಾನ ಅಂಚೆ ಅದು. ಎಂಟು ವರ್ಷ ಕಳೆಯಿತು. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನ ಹತ್ಯೆ ನಡೆಯಿತು. ಮರುದಿನ ಗುಜ್ರಾನ್‌ವಾಲಾದಲ್ಲಿ ಜನ ರೊಚ್ಚಿಗೆದ್ದಾಗ ಲಾಹೋರಿನಿಂದ ವಿಮಾನಗಳನ್ನು ಕಳುಹಿಸಿದರು. ಅವು ಊರಿನ ಮೇಲೂ ಆಸುಪಾಸಿನ ಹಳ್ಳಿಗಳ ಮೇಲೂ ಬಾಂಬು ಹಾಕಿದವು, ಮೆಷಿನ್‌ಗನ್ನು ನಡೆಸಿದವು. ಒಂದು ಬಾಂಬು ಬಿದ್ದದ್ದು ಖಾಲ್ಸಾ ಹೈಸ್ಕೂಲಿನ ವಿದ್ಯಾರ್ಥಿನಿಲಯಕ್ಕೆ. ಜಲಿಯನ್‌ವಾಲಾ ಬಾಗನ್ನು ನಾವು ಮರೆತಿಲ್ಲ, ಮರೆಯಲೂ ಬಾರದು; ಮರುದಿನದ ಗುಜ್ರಾನ್‌ವಾಲಾವನ್ನು ಮಾತ್ರ ಪಠ್ಯಪುಸ್ತಕಗಳಲ್ಲಿ ಹುಡುಕಬೇಕಾಗುತ್ತದೆ.

ಅದರ ಅನಂತರ ವಾಯವ್ಯ ಗಡಿಯ ಬೆಟ್ಟಗಾಡುಗಳಲ್ಲಿ ಇದೇ ಪದ್ಧತಿಯಾಯಿತು. ಪಠಾಣ ಬುಡಕಟ್ಟುಗಳು ಎದುರು ನಿಂತರೆ ದಂಡು ಕಳುಹಿಸುವುದಕ್ಕಿಂತ ವಿಮಾನ ಕಳುಹಿಸುವುದು ಅಗ್ಗ ಎಂಬುದು ಅಂದಿನ ಲೆಕ್ಕಾಚಾರ. ಮೊದಲು ಎಚ್ಚರಿಕೆಯ ಕರಪತ್ರಗಳನ್ನು ಉದುರಿಸುತ್ತಿದ್ದರು. ಗಡುವು ಮುಗಿದ ಮೇಲೆ ಹಳ್ಳಿಗಳ ಮೇಲೆ ಬಾಂಬು. ಆ ಕಾಗದಗಳನ್ನು ಓದಬಲ್ಲವರು ಆ ಹಳ್ಳಿಗಳಲ್ಲಿ ಎಷ್ಟು ಮಂದಿ ಇದ್ದರು ಎಂದು ಕೇಳಬೇಕೆನಿಸುತ್ತದೆ. ಅಂಚೆಯ ಕಾಗದ ಹೊತ್ತ ರೆಕ್ಕೆಗಳೇ ಈ ಕಾಗದಗಳನ್ನೂ ಹೊತ್ತುವು.

ವಾಪಿಟಿ ಹುಟ್ಟಿದ್ದು ಇಂಥ ಕೆಲಸಕ್ಕಾಗಿ. ಮಹಾಯುದ್ಧ ಮುಗಿದ ಮೇಲೆ ಉಳಿದುಹೋದ ಡಿ.ಎಚ್. 9ಎ ಎಂಬ ಹಳೆಯ ವಿಮಾನದ ರೆಕ್ಕೆ ಮೊದಲಾದ ಭಾಗಗಳು ಉಗ್ರಾಣಗಳಲ್ಲಿ ರಾಶಿ ಬಿದ್ದಿದ್ದುವು. ಆದಷ್ಟೂ ಅವನ್ನೇ ಬಳಸಿ ಹೊಸ ವಿಮಾನ ಮಾಡಿರೆಂದು ಬ್ರಿಟನ್ನಿನ ವಾಯುಮಂತ್ರಾಲಯ ಕೇಳಿತು. ಹಳೆಯ ರೆಕ್ಕೆಗೆ ಹೊಸ ಒಡಲು ಜೋಡಿಸಿ ವೆಸ್ಟ್‌ಲೆಂಡಿನವರು 1927ರ ಮಾರ್ಚಿಯಲ್ಲಿ ಹಾರಿಸಿದ್ದು ಈ ಯಂತ್ರ. ಮೂಗಿನಲ್ಲಿ ಒಂಬತ್ತು ಸಿಲಿಂಡರುಗಳ ಜೂಪಿಟರ್ ಎಂಜಿನ್ನು. ರೆಕ್ಕೆಯ ಹರವು ಸುಮಾರು 14 ಮೀಟರು. ವೇಗ ಹೆಚ್ಚೆಂದರೆ ಗಂಟೆಗೆ 220 ಕಿಲೋಮೀಟರಿನ ಆಸುಪಾಸು. ಮುಂದೆ ವೈಮಾನಿಕ, ಅವನ ಕೈಗೊಂದು ವಿಕರ್ಸ್ ಗನ್ನು. ಅವನ ಬೆನ್ನಿಗೆ ಇನ್ನೊಬ್ಬ, ಸುತ್ತ ತಿರುಗುವ ಲೂಯಿಸ್ ಗನ್ನಿನೊಡನೆ. ಇಬ್ಬರ ತಲೆಯ ಮೇಲೂ ಮುಚ್ಚಳವಿಲ್ಲ, ಬಯಲು ಆಕಾಶ. ರೆಕ್ಕೆಯಡಿಯಲ್ಲಿ ಒಟ್ಟು 260 ಕಿಲೋಗ್ರಾಮಿನಷ್ಟು ಬಾಂಬುಗಳು. ಇಂಥವನ್ನು ಐನೂರಕ್ಕೂ ಹೆಚ್ಚಾಗಿ ಮಾಡಿದರು. ಮಿತವ್ಯಯದ ಸಾಮ್ರಾಜ್ಯಕ್ಕೆ ಮಿತವ್ಯಯದ ವಿಮಾನ.

1933ರ ಆ ವಸಂತದಲ್ಲಿ ಮೂರು ಸಂಗತಿಗಳು ಒಂದರ ಹಿಂದೊಂದು ನಡೆದವು. ಮಾರ್ಚಿ 16ರಂದು ಜಿನೀವಾದ ನಿಶ್ಶಸ್ತ್ರೀಕರಣ ಸಮ್ಮೇಳನದಲ್ಲಿ ಬ್ರಿಟನ್ನಿನ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಒಂದು ಕರಡನ್ನು ಮಂಡಿಸಿದರು. ಆಕಾಶದಿಂದ ಬಾಂಬು ಹಾಕುವುದನ್ನು ಲೋಕವೇ ನಿಷೇಧಿಸತಕ್ಕದ್ದು, ಆದರೆ ದೂರದ ಕೆಲವು ಪ್ರದೇಶಗಳಲ್ಲಿ ಪೊಲೀಸು ಕಾರ್ಯಕ್ಕೆ ಮಾತ್ರ ವಿನಾಯಿತಿ ಇರಲಿ ಎಂಬುದು ಅದರ ಒಂದು ವಿಧಿ. ಎರಡು ವಾರ ಕಳೆದು, ಏಪ್ರಿಲ್ 1ರಂದು, ಅಂಥ ಒಂದು ಪ್ರದೇಶದ ಬಾಗಿಲಲ್ಲಿ ಭಾರತೀಯ ವಾಯುಪಡೆಯ ನಾಲ್ಕು ವಾಪಿಟಿಗಳು ನಿಂತುವು. ಎರಡು ದಿನ ಬಿಟ್ಟು, ಏಪ್ರಿಲ್ 3ರಂದು, ಬಿಹಾರದ ಪೂರ್ಣಿಯಾದಿಂದ ಹೊರಟ ಎರಡು ವಿಮಾನಗಳು ಎವರೆಸ್ಟ್ ಶಿಖರದ ಮೇಲೆ ಮಾನವ ಚರಿತ್ರೆಯಲ್ಲಿ ಮೊದಲ ಸಲ ಹಾರಿದುವು. ಅವೂ ವೆಸ್ಟ್‌ಲೆಂಡಿನ ಜೋಡಿರೆಕ್ಕೆಯವೇ, ವಾಪಿಟಿಯ ಒಡಹುಟ್ಟುಗಳೇ. ಬಾಂಬಿನ ಬದಲು ಅವು ಕ್ಯಾಮೆರಾಗಳನ್ನು ಹೊತ್ತಿದ್ದುವು. ಒಂದೇ ಕಾರ್ಖಾನೆಯ ಒಂದೇ ಬಗೆಯ ರೆಕ್ಕೆ. ಒಂದು ಹಿಮವಂತನ ಮುಖ ನೋಡಲು ಹೋಯಿತು, ಇನ್ನೊಂದು ವಜೀರಿಸ್ತಾನಕ್ಕೆ. ರೆಕ್ಕೆಗೆ ಸ್ವಂತ ಇಚ್ಛೆಯಿಲ್ಲ.

ನಮ್ಮವರು ಮೊದಲು ಕಾರ್ಯಾಚರಣೆಗೆ ಇಳಿದದ್ದು 1937ರಲ್ಲಿ, ಉತ್ತರ ವಜೀರಿಸ್ತಾನದ ಮೀರನ್‌ಷಾದಿಂದ. ನೆಲದ ದಂಡಿಗೆ ಬೆಂಬಲವಾಗಿ ಭಿಟ್ಟಾನಿ ಬುಡಕಟ್ಟಿನವರ ವಿರುದ್ಧ ಅವರು ಹಾರಿದರು. ಈಗ ನಾವು ಆ ತರುಣರನ್ನು ಏನೆನ್ನೋಣ? ಭಾರತೀಯರು ವಿಮಾನ ನಡೆಸಬಲ್ಲರೆ, ಎಂಜಿನ್ನನ್ನು ಬಿಚ್ಚಿ ಜೋಡಿಸಬಲ್ಲರೆ ಎಂದು ಆಳುವವರು ಸಂದೇಹಪಡುತ್ತಿದ್ದ ಕಾಲದಲ್ಲಿ ಅವರು ಬಲ್ಲೆವೆಂದು ತೋರಿಸಿಕೊಟ್ಟರು. ಮೊದಲ ಆರು ಮಂದಿಯಲ್ಲಿ ಒಬ್ಬರಾದ ಸುಬ್ರತೋ ಮುಖರ್ಜಿಯವರು 1954ರ ಏಪ್ರಿಲ್ 1ರಂದು, ಆ ಸ್ಕ್ವಾಡ್ರನ್ನಿಗೆ ಸರಿಯಾಗಿ ಇಪ್ಪತ್ತೊಂದು ತುಂಬಿದ ದಿನ, ಸ್ವತಂತ್ರ ಭಾರತದ ವಾಯುಪಡೆಗೆ ಮೊದಲ ಭಾರತೀಯ ಮುಖ್ಯಸ್ಥರಾದರು. ಇದು ಹೆಮ್ಮೆಯ ಮಾತು. ಆದರೆ ಆ ಸಾಮರ್ಥ್ಯವನ್ನು ಅವರು ಸಿದ್ಧಪಡಿಸಬೇಕಾದದ್ದು, ತಮ್ಮಂತೆಯೇ ಪರರ ಆಳ್ವಿಕೆಗೆ ಸಿಕ್ಕಿದ್ದ ಜನರ ಮೇಲೆ. ಇದೂ ಅಷ್ಟೇ ನಿಜವಾದ ಮಾತು. ಎರಡರಲ್ಲಿ ಒಂದನ್ನು ಮರೆತು ಇನ್ನೊಂದನ್ನು ಹೇಳುವುದು ಸುಲಭ. ಎರಡನ್ನೂ ಒಟ್ಟಿಗೆ ಹೊರುವುದು ಕಷ್ಟ. ಜೋಡಿರೆಕ್ಕೆಯ ತಂತಿಗಳಂತೆ ಈ ಎರಡು ನಿಜಗಳೂ ಒಂದನ್ನೊಂದು ಎಳೆದು ಹಿಡಿದಿರಬೇಕು, ಆಗಲೇ ಚರಿತ್ರೆ ಜೋತುಬೀಳದೆ ನಿಲ್ಲುತ್ತದೆ.

ವಾಪಿಟಿಯ ಮೇಲೆ ಭಾರತೀಯ ವಾಯುಪಡೆಯ ಹೆಸರಿತ್ತೇನೋ ಹೌದು. ಆದರೆ 1933ರಲ್ಲಿ ಭಾರತವೆಂಬ ರಾಷ್ಟ್ರ ನಮ್ಮ ಮನಸ್ಸಿನಲ್ಲಿ, ಹಾಡುಗಳಲ್ಲಿ, ಸೆರೆಮನೆಗಳಲ್ಲಿ ಇತ್ತೇ ಹೊರತು ಭೂಪಟದಲ್ಲಿ ಇರಲಿಲ್ಲ. ಇನ್ನೂ ಹುಟ್ಟದ ನಾಡಿಗೆ ಮೊದಲೇ ಹುಟ್ಟಿದ ವಿಮಾನಪಡೆ! ಆ ನಾಡು 1947ರಲ್ಲಿ ಹುಟ್ಟಿದಾಗ, ಪಡೆ ಜನ್ಮತಾಳಿದ ಡ್ರಿಗ್ ರೋಡೂ ಮೊದಲ ಕಾರ್ಯಾಚರಣೆಗೆ ಹೊರಟ ಮೀರನ್‌ಷಾವೂ ಬಾಂಬು ಬಿದ್ದ ಗುಜ್ರಾನ್‌ವಾಲಾವೂ ಇನ್ನೊಂದು ದೇಶದ ಪಾಲಾಗಿದ್ದುವು.

ಹಾಗಾದರೆ ನಮ್ಮದೆನ್ನಬಹುದಾದ ರೆಕ್ಕೆ ಬೆಳೆದದ್ದೆಲ್ಲಿ? ಆ ಕಥೆಗೆ ಮೈಸೂರು ಸಂಸ್ಥಾನದ ನೆಲ ಬೇಕಾಯಿತು. ಎರಡನೆಯ ಮಹಾಯುದ್ಧದ ನಡುವೆ, 1940ರ ಡಿಸೆಂಬರ್ 23ರಂದು, ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಸರ್ ಮಿರ್ಜಾ ಇಸ್ಮಾಯಿಲರು ಆಗ ದಿವಾನರು. ಜೋಡಿರೆಕ್ಕೆಯ ಯುಗ ಅಷ್ಟರಲ್ಲಿ ಮುಗಿಯುತ್ತ ಬಂದಿತ್ತು. ಲೋಹದ ತಗಡೇ ಭಾರ ಹೊರುವ ಒಂಟಿರೆಕ್ಕೆಗೆ ತಂತಿಯೂ ಬೇಡ, ಊರೆಗಂಬವೂ ಬೇಡ. ಆದರೂ ಮುದಿ ವಾಪಿಟಿಗಳು ಯುದ್ಧದ ಮೊದಲ ವರ್ಷಗಳಲ್ಲಿ ನಮ್ಮ ಕರಾವಳಿಯನ್ನು ಕಾಯುತ್ತ ಸಮುದ್ರದ ಮೇಲೆ ಹಾರುತ್ತಿದ್ದುವು. ಬೆಂಗಳೂರಿನ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ವಿಮಾನ 1951ರ ಆಗಸ್ಟಿನಲ್ಲಿ ಮೇಲೇರಿತು. ಅದು ಒಂಟಿರೆಕ್ಕೆಯದು, ಯಾರ ಮೇಲೂ ಎರಗುವುದಕ್ಕಲ್ಲ, ಹಾರಲು ಕಲಿಸುವುದಕ್ಕೆ ಮಾಡಿದ್ದು. ಸ್ವತಂತ್ರವಾದ ನಾಡೊಂದು ತನ್ನ ಕೈಯಿಂದ ಮಾಡಿದ ಮೊದಲ ವಿಮಾನಗಳಲ್ಲಿ ಒಂದು ಮೇಷ್ಟರ ವಿಮಾನವಾಗಿತ್ತೆಂಬುದು ಜೀವಮಾನವೆಲ್ಲ ಪಾಠ ಹೇಳಿದ ನನಗೆ ಪ್ರಿಯವಾದ ಸಂಗತಿ.

ವಾಪಿಟಿಯೊಂದು ದೆಹಲಿಯ ಪಾಲಂ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ. ಅದರ ಮುಂದೆ ನಿಂತಾಗ ನನಗೆ ನೆನಪಾದದ್ದು ನರಸೀಪುರದ ಹೊಳೆದಂಡೆ. ನಾವು ಹುಡುಗರಾಗಿದ್ದಾಗ ವಿಮಾನದ ಸದ್ದು ಕೇಳಿದರೆ ಸಾಕು, ನೀರಿನಿಂದೆದ್ದು ಮರಳ ಮೇಲೆ ಓಡುತ್ತ ಕೈಬೀಸುತ್ತಿದ್ದೆವು. ಬಟ್ಟೆ ಒಗೆಯುತ್ತಿದ್ದ ಹೆಂಗಸರೂ ಹಣೆಗೆ ಕೈ ಅಡ್ಡವಿಟ್ಟು ನೋಡುತ್ತಿದ್ದರು. ಆಕಾಶದಿಂದ ನಮಗೆ ಕೇಡು ಬಂದೀತೆಂಬ ಎಣಿಕೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅದು ಎಷ್ಟು ದೊಡ್ಡ ಭಾಗ್ಯವೆಂದು ತಿಳಿಯಲು ನನಗೆ ಬಹಳ ವರ್ಷಗಳು ಬೇಕಾದವು. ಅದೇ ಸದ್ದಿಗೆ ಮಕ್ಕಳನ್ನು ಎತ್ತಿಕೊಂಡು ಗುಹೆಗಳಿಗೆ ಓಡಿದ ತಾಯಂದಿರು ಇದೇ ಉಪಖಂಡದಲ್ಲಿದ್ದರು.

1933ರಲ್ಲಿ ಹವಾಯಿ ಸಿಪಾಯಿಗಳು ಹುಟ್ಟಿದರು. ಎರಡು ವರ್ಷಗಳ ಬಳಿಕ, 1935ರಲ್ಲಿ, ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪ್ರಸಾರ ನಿಲಯವೊಂದನ್ನು ತೆರೆದರು. ಆಕಾಶವಾಣಿ ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹಬ್ಬಿತು. ಆಕಾಶದಿಂದ ಏನು ಇಳಿದುಬರಬೇಕೆಂಬುದನ್ನು ಆಕಾಶ ನಿರ್ಧರಿಸುವುದಿಲ್ಲ, ನೆಲದವರು ನಿರ್ಧರಿಸುತ್ತಾರೆ. ಆದುದರಿಂದ ವಿಮಾನದ ಕಥೆಯನ್ನು ಯಾರು ಹೇಳಿದರೂ, ಅದು ಎಷ್ಟು ಎತ್ತರ ಹಾರಿತೆಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ಆಗ ಕೆಳಗೆ ಯಾರಿದ್ದರು? ಶಾಲ್ವನ ಸೌಭವನ್ನು ಕಂಡ ಕವಿ ಈ ಪ್ರಶ್ನೆಯನ್ನು ಕೇಳಿಕೊಂಡಿದ್ದ.